ಬಾಜೂದ ಫೈಲು

‘ಡೇಟಾಬೇಸ್ ಇಸ್ ಲಾಕ್ಡ್’ ಎಂದು ಪರದೆಯ ಮೇಲೆ ಬಂದದ್ದನ್ನು ಸರ್ವರಿ ಬೇಗಂ ಫೋನಿನಲ್ಲಿ ಒಂದೊಂದೇ ಅಕ್ಷರ ಹೆಕ್ಕಿ ಓದಿ ಹೇಳಿದಾಗ ವೈಜನಾಥನಿಗೆ ಮೊದಲು ಬಂದದ್ದು ತಿರಸ್ಕಾರ. ಅದರ ಬೆನ್ನಿಗೇ ಬಂದ ಇನ್ನೊಂದಕ್ಕೆ ಅವನು ಹೆಸರಿಡಲು ಹೋಗಲಿಲ್ಲ. ‘ಯಾರೂ ಏನೂ ಮುಟ್ಟಬ್ಯಾಡ್ರಿ, ನಾ ಬರ್ತೀನಿ’ ಎಂದು ಫೋನಿಟ್ಟು, ಮಧ್ಯಾಹ್ನದ ಎರಡು ಪೀರಿಯಡ್ ಬಿಡಿಸಿಕೊಳ್ಳಲು ಪ್ರಿನ್ಸಿಪಾಲರ ಕೋಣೆಯ ಹೊರಗೆ ಹದಿನೈದು ನಿಮಿಷ ನಿಂತ. ಹುಮನಾಬಾದಿನ ಆ ಕಾಲೇಜಿನಲ್ಲಿ ಅವನು ಹನ್ನೊಂದು ವರ್ಷದಿಂದ ಕಂಪ್ಯೂಟರ್ ಕಲಿಸುವ ಅತಿಥಿ ಉಪನ್ಯಾಸಕ. ಹನ್ನೊಂದು ವರ್ಷ ಒಂದೇ ಮನೆಯಲ್ಲಿ ಉಂಡವನನ್ನು ಅತಿಥಿ ಎನ್ನುವ ಜನ ಇವರು ಎಂದು ಆ ಬಾಗಿಲಲ್ಲಿ ನಿಂತಾಗಲೆಲ್ಲ ಅಂದುಕೊಳ್ಳುತ್ತಿದ್ದ. ಪ್ರತಿ ಸಲವೂ ಅದು ಆಗಷ್ಟೇ ಹೊಳೆದ ಮಾತಿನಂತೆ ಅವನಿಗೆ ಸ್ವಲ್ಪ ಸಮಾಧಾನ ಕೊಡುತ್ತಿತ್ತು. ಪ್ರಿನ್ಸಿಪಾಲರು ಚೀಟಿಯ ಮೇಲೆ ಕಣ್ಣಾಡಿಸಿ, ‘ಮತ್ತ ಆ ಟೇಲರ್ ಅಂಗಡಿಗೇನ್ರಿ?’ ಎಂದರು. ಸಹಿ ಹಾಕುವಾಗ ಪಕ್ಕದಲ್ಲಿ ಕೂತಿದ್ದ ಇತಿಹಾಸದ ಮಾಸ್ತರರ ಕಡೆ ನೋಡಿ ನಕ್ಕರೋ ಇಲ್ಲವೋ ಖಾತ್ರಿಯಾಗಲಿಲ್ಲ. ನಕ್ಕಿದ್ದಾರೆಂದೇ ಇಟ್ಟುಕೊಂಡ. ಇಬ್ಬರಿಗೂ ಒಂದು ಫೈಲನ್ನು ಇನ್ನೊಂದು ಕಡೆ ನಕಲು ಮಾಡಲು ಬರುವುದಿಲ್ಲ ಎಂಬುದನ್ನು ನೆನಪಿಸಿಕೊಂಡು ಮೆಟ್ಟಿಲಿಳಿದ.

ಬಸವಕಲ್ಯಾಣದ ಬಸ್ಸಿನಲ್ಲಿ ರಾಜೇಶ್ವರ ದಾಟುವವರೆಗೂ ನಿಲ್ಲಬೇಕಾಯಿತು. ಮುಂದೆ ಕಬ್ಬು ಹೇರಿದ ಟ್ರ್ಯಾಕ್ಟರು ಎರಡು ಟ್ರಾಲಿ ಎಳೆದುಕೊಂಡು ತೆವಳುತ್ತಿತ್ತು, ಹಿಂದೆ ಹೈದರಾಬಾದಿನ ಕಾರುಗಳು ಹಾರ್ನ್ ಹೊಡೆಯುತ್ತಿದ್ದವು. ಬಸ್ಸಿನೊಳಗೆ ಒಬ್ಬ ಫೋನಿನಲ್ಲಿ ರೀಲ್ಸ್ ಹಚ್ಚಿಕೊಂಡು ಇಡೀ ಬಸ್ಸಿಗೆ ಕೇಳಿಸುತ್ತಿದ್ದ. ಈ ಜನರಿಗೆ ಕಂಪ್ಯೂಟರೆಂದರೆ ಇಷ್ಟೇ, ಕೈಯಲ್ಲಿ ಹಿಡಿದ ಜಾತ್ರೆ, ಎಂದುಕೊಂಡ. ಹೀಗೆ ಅನ್ನಿಸಿದಾಗಲೆಲ್ಲ ಅವನ ಬೆನ್ನು ಒಂದಿಷ್ಟು ನೆಟ್ಟಗಾಗುತ್ತಿತ್ತು. ಆದರೆ ಈ ಮೂರು ವಾರದಿಂದ ತಿರಸ್ಕಾರ ಮೊದಲಿನಂತೆ ರುಚಿ ಕೊಡುತ್ತಿರಲಿಲ್ಲ. ತರಗತಿಯಲ್ಲಿ ತಪ್ಪು ಉತ್ತರ ಹೇಳಿದ ಹುಡುಗಿಗೆ ‘ನೀ ಮನೀಗೆ ಹೋಗಿ ರೊಟ್ಟಿ ಬಡಿ’ ಎಂದಾಗ ಉಳಿದವರು ನಕ್ಕರು, ಅವನಿಗೆ ಮಾತ್ರ ಬಾಯಿ ಕಹಿಯಾಯಿತು. ಮನೆಯಲ್ಲಿ ಜಯಮಾಲಾ, ‘ನಿಮಗ ಏನಾಗ್ಯಾದ? ಉಂಡದ್ದು ಮೈಗಿ ಹತ್ತವಲ್ದು’ ಎಂದಾಗ, ‘ಪಿತ್ತ’ ಎಂದಿದ್ದ.

ಜಯಮಾಲಾಳ ತವರು ಬಸವಕಲ್ಯಾಣ. ಮದುವೆಗೆ ಮುಂಚಿನಿಂದಲೂ ಅವಳ ಕುಪ್ಪಸಗಳು ಹೊಲಿಗೆಯಾಗುತ್ತಿದ್ದದ್ದು ಸರ್ವರಿ ಬೇಗಮರ ಲೇಡೀಸ್ ಟೇಲರ್ ಅಂಗಡಿಯಲ್ಲಿ. ಗಂಡ ತೀರಿದ ಮೇಲೆ ಒಂದು ಮಿಷನ್ನಿನಿಂದ ಶುರು ಮಾಡಿ ಹನ್ನೊಂದಕ್ಕೆ ಮುಟ್ಟಿಸಿದ ಹೆಂಗಸು. ಆರು ವರ್ಷದ ಹಿಂದೆ, ಅಳತೆ ಬರೆದಿಟ್ಟ ಪುಸ್ತಕಗಳನ್ನು ಇಲಿ ತಿಂದವೆಂದು ಆಕೆ ಗೋಳಾಡಿದಾಗ ಜಯಮಾಲಾ ಗಂಡನ ಹೆಸರು ಹೇಳಿದ್ದಳು. ವೈಜನಾಥ ಒಂದು ಬೇಸಿಗೆ ರಜೆಯಲ್ಲಿ ಪ್ರೋಗ್ರಾಮು ಬರೆದುಕೊಟ್ಟ. ಈ ಸಣ್ಣ ಡೇಟಾಬೇಸಿಗೆ ಬೇರೆ ಯಂತ್ರ ಬೇಡ, ಇಂಟರ್ನೆಟ್ಟು ಬೇಡ, ಕಾಯಲು ಆಳು ಬೇಡ. ನಿಮ್ಮ ಇಡೀ ಅಂಗಡಿ ಒಂದು ಫೈಲಿನೊಳಗೆ ಕೂರುತ್ತದೆ ಎಂದು ಆಕೆಗೆ ಹೇಳಿದಾಗ ಆಕೆ ಆ ಕಂಪ್ಯೂಟರ್ ಪೆಟ್ಟಿಗೆಗೆ ಹೂವೇರಿಸುವವರಂತೆ ನೋಡಿದ್ದಳು. ಅಲ್ಲಿಂದ ಮುಂದೆ ಅಳತೆಗಳೆಲ್ಲ ಅದರೊಳಗೆ. ಪರದೆಯ ಹಿಂದೆ ಟೇಪು ಹಿಡಿದು ಅಳೆಯುವವಳು, ಬಂದು ಕುರ್ಚಿಯಲ್ಲಿ ಕೂತು ಅದನ್ನು ಕಂಪ್ಯೂಟರಿಗೆ ಹಾಕುವವಳು, ಎರಡೂ ಮಹಜಬೀನ್. ಪಿಯುಸಿ ಓದಿದ ಇಪ್ಪತ್ತಾರು ವರ್ಷದ ಹುಡುಗಿ. ಒಮ್ಮೆ ಅಳತೆ ಕೊಟ್ಟ ಹೆಂಗಸು ಮತ್ತೆ ಬಂದು ಮೈ ತೋರಿಸಬೇಕಿಲ್ಲ. ಹುಲಸೂರಿನಿಂದ ಅರಿವೆ ಬಸ್ಸಿನಲ್ಲಿ ಬರುತ್ತಿತ್ತು, ದುಬೈಗೆ ಮದುವೆಯಾಗಿ ಹೋದವರು ಫೋನಿನಲ್ಲಿ ‘ಅದೇ ನಾಪು’, ಅದೇ ಅಳತೆ, ಎನ್ನುತ್ತಿದ್ದರು, ಹೊಲಿದ ಬಟ್ಟೆ ಮೈಗೆ ಅಂಟಿದ ಹಾಗೆ ಕೂರುತ್ತಿತ್ತು. ಅಂಗಡಿಯ ಹೆಸರು ನಿಂತದ್ದೇ ಅದರ ಮೇಲೆ.

ಮೂರು ವಾರದ ಹಿಂದೆಯೂ ಇದೇ ಲಾಕ್. ಆವತ್ತು ಅಂಗಡಿ ತುಂಬಾ ಹೆಂಗಸರು, ಮದುವೆಯ ಸುಗ್ಗಿ. ಸರ್ವರಿಯ ತಂಗಿಯ ಮಗ ಫಿರೋಜ್ ಬಾಗಿಲಿಗೆ ಒರಗಿ, ‘ಹೈದರಾಬಾದ್‌ನ್ಯಾಗ ಈಗ ಎಲ್ಲಾ ಮೊಬೈಲ್ ಮ್ಯಾಲೇ ಆಗ್ತದ ಖಾಲಾ, ಇಂಥ ಹಳೀ ಪ್ರೋಗ್ರಾಮ್ ಯಾರು ಇಟ್ಕೋತಾರ’ ಎಂದು ವೈಜನಾಥನಿಗೆ ಕೇಳಿಸುವಷ್ಟೇ ದನಿಯಲ್ಲಿ ಹೇಳಿದ್ದ. ಮಹಜಬೀನ್ ಕುರ್ಚಿ ಬಿಟ್ಟು ಎದ್ದು, ‘ಸರ್, ಪ್ರೋಗ್ರಾಮ್ ಎರಡು ಸಲ ತೆರದದ ಅನಸ್ತದ್ರಿ. ಕೆಳಗ ನೋಡ್ರಿ, ಎರಡು ಚಿತ್ರ ಕಾಣಸ್ತಾವ. ಒಂದು ಇನ್ನೊಂದನ್ನ ಹಿಡ್ಕೊಂಡದೇನೋ’ ಎಂದಿದ್ದಳು. ‘ನೀ ಸುಮ್ಕ ಕುಂದ್ರವಾ ಸ್ವಲ್ಪ’ ಎಂದಿದ್ದ ವೈಜನಾಥ. ಅವಳು ಹೇಳಿದ್ದೇ ಸರಿಯಿತ್ತು. ಎರಡನ್ನೂ ಬಲವಂತದಿಂದ ಮುಚ್ಚಿದ, ಲಾಕ್ ಹೋಯಿತು. ಅಲ್ಲಿಗೇ ಎದ್ದು ಬರಬಹುದಿತ್ತು. ಆದರೆ ಅಷ್ಟು ಸಸಾರದಲ್ಲಿ, ಅದೂ ಆ ಹುಡುಗಿ ಹೇಳಿದಂತೆಯೇ ಮುಗಿಸಿ ಏಳಲು ಮನಸ್ಸು ಬರಲಿಲ್ಲ. ಹತ್ತು ಜನರ ಕಣ್ಣುಗಳು ಬೆನ್ನ ಮೇಲಿದ್ದವು. ಫೋಲ್ಡರು ತೆಗೆದ. ಡೇಟಾಬೇಸಿನ ಫೈಲಿನ ಬಾಜೂಕ್ಕೆ ಅದೇ ಹೆಸರಿನ, ಕೊನೆಗೆ ‘ವಾಲ್’ ಎಂದು ಬಾಲ ಅಂಟಿಸಿಕೊಂಡ ಇನ್ನೊಂದು ಫೈಲು ಉಬ್ಬಿ ಕೂತಿತ್ತು. ‘ನೋಡ್ರಿ, ಎಷ್ಟು ಕಸ ಕೂಡ್ಯಾದ’ ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಮತ್ತೆ ಬಾರದಂತೆ ಅಳಿಸಿಹಾಕಿದ. ಪ್ರೋಗ್ರಾಮು ತೆರೆಯಿತು. ‘ಓದಿದವರು ಓದಿದವರೇ’ ಎಂದಳು ಅಳತೆಗೆ ಬಂದಿದ್ದ ಒಬ್ಬ ಮುದುಕಿ. ಅವನು ಚಹಾ ಕುಡಿದು ಬಂದ.

ಸಂಜೆ ಐದಕ್ಕೆ ಸರ್ವರಿಯ ಫೋನು: ಪಂಚಮಿ ಹಬ್ಬದ ಆಚೆಗೆ ಬರೆದ ಒಂದು ಅಳತೆಯೂ ಕಾಣುತ್ತಿಲ್ಲ, ನಾಲ್ಕು ತಿಂಗಳದ್ದು. ಅವನ ಬಾಯಿಂದ ಬಂದ ಮಾತು ಯೋಚಿಸಿ ಬಂದದ್ದಲ್ಲ. ಅದಕ್ಕೇ ಅದು ಅವನನ್ನು ಈಗಲೂ ತಿನ್ನುತ್ತಿತ್ತು. ಯೋಚಿಸದೆ ಬಂದದ್ದೇ ನಿಜವಾದ ತಾನು ಇರಬಹುದೆಂದು. ‘ಯಾರರ ಡಿಲೀಟ್ ಮಾಡ್ಯಾರ ನೋಡ್ರಿ. ಎಂಟ್ರಿ ಮಾಡೋರು ಯಾರು?’ ಎಂದಿದ್ದ. ಫೋನಿಟ್ಟು ಅರ್ಧ ಗಂಟೆಯಲ್ಲಿ, ಅಡುಗೆಮನೆಯಲ್ಲಿ ಜಯಮಾಲಾ ಒಗ್ಗರಣೆ ಹಾಕುತ್ತಿದ್ದ ಸದ್ದು ಕೇಳುತ್ತ, ಎಲ್ಲ ಹುಡುಕಿ ಓದಿದ. ದಿನದ ಬರವಣಿಗೆ ಮೊದಲು ಬೀಳುವುದೇ ಆ ಬಾಜೂದ ಫೈಲಿಗೆ. ಅಲ್ಲಿಂದ ಆಗಾಗ ದೊಡ್ಡ ಫೈಲಿಗೆ ಇಳಿಯುತ್ತದೆ, ಕಚ್ಚಾ ಪುಸ್ತಕದಿಂದ ಪಕ್ಕಾ ಪುಸ್ತಕಕ್ಕೆ ಎತ್ತಿ ಬರೆದಂತೆ. ಆ ಎತ್ತಿ ಬರೆಯುವುದನ್ನು ನಿಲ್ಲಿಸಿದವನು ಅವನೇ. ಎರಡು ವರ್ಷದ ಹಿಂದೆ ಪ್ರೋಗ್ರಾಮು ನಿಧಾನವೆಂದು ದೂರು ಬಂದಾಗ, ಇಂಟರ್ನೆಟ್ಟಿನಲ್ಲಿ ಯಾರೋ ವೇಗಕ್ಕೆಂದು ಕೊಟ್ಟಿದ್ದ ಒಂದು ಸಾಲನ್ನು ಅರ್ಥ ಮಾಡಿಕೊಳ್ಳದೆ ಎತ್ತಿ ಹಚ್ಚಿದ್ದ. ಸರಿಯಾಗಿ ಮುಚ್ಚಿದ್ದರೆ ಆಗಲಾದರೂ ಇಳಿಯುತ್ತಿತ್ತು. ಮುಚ್ಚುವ ಗುಂಡಿಯನ್ನು ಅಂಗಡಿಯ ಸಣ್ಣ ಪರದೆಯಲ್ಲಿ ಕಾಣದ ಮೂಲೆಗೆ ಇಟ್ಟವನೂ ಅವನೇ, ‘ಗ್ವಾಡಿ ಮ್ಯಾಲಿನ ಕರೆಂಟ್ ಬಟನ್ ಬಂದ್ ಮಾಡ್ರಿ ಸಾಕು’ ಎಂದವನೂ ಅವನೇ. ಕೊನೆಯ ಸಲ ಅದು ಸರಿಯಾಗಿ ಮುಚ್ಚಿದ್ದು ಪಂಚಮಿಗೆ, ತವರಿಗೆ ಬಂದ ಹೆಂಡತಿಯನ್ನು ಕರೆದೊಯ್ಯಲು ಬಂದವನು ಅಂಗಡಿಗೂ ಹೋಗಿ ಕೂತಿದ್ದಾಗ. ಆ ಸಂಜೆಯೇ ಓಡಿದ್ದರೆ ಅಳಿಸಿದ ಫೈಲನ್ನು ಡಿಸ್ಕಿನಿಂದ ಕೆದಕಿ ತೆಗೆಯಬಹುದಿತ್ತೋ ಏನೋ. ಓಡಿದ್ದರೆ ಯಾಕೆ ಓಡಿ ಬಂದೆ ಎಂದು ಹೇಳಬೇಕಿತ್ತು. ಅವನು ಒಗ್ಗರಣೆಯ ಅನ್ನ ಉಂಡ.

ಎಂಟು ದಿನಕ್ಕೆ ಜಯಮಾಲಾ ತಂಗಿಯೊಂದಿಗೆ ಫೋನಿನಲ್ಲಿ ಮಾತಾಡಿ ಬಂದು ಹೇಳಿದಳು. ಹುಲಸೂರಿನ ಸಿಮ್ರಾನ್ ಎಂಬ ಹುಡುಗಿಯ ಮದುವೆಯ ಕುಪ್ಪಸ ಹಳೆಯ ಅಳತೆಗೆ ಕತ್ತರಿಸಿ ಕೆಟ್ಟಿತಂತೆ, ಮನೆಯವರು ಬಂದು ಅಂಗಡಿ ಮುಂದೆ ಕೂಗಾಡಿದರಂತೆ. ‘ಆ ಕಂಪ್ಯೂಟರ್ ಹುಡುಗೀನ ಕುರ್ಚಿ ಮ್ಯಾಲಿಂದ ಎಬ್ಸ್ಯಾರಂತ. ಹಿಂದ ಕೂತು ಹುಕ್ಕ ಹಚ್ಚಾಕತ್ಯಾಳ ಈಗ.’ ವೈಜನಾಥ ಪೇಪರಿನಿಂದ ತಲೆಯೆತ್ತದೆ, ‘ಹೌದಾ?’ ಎಂದ. ಪೇಪರಿನಲ್ಲಿ ಅವನು ಓದುತ್ತಿದ್ದದ್ದು ಟೆಂಡರ್ ನೋಟೀಸು.

ಸಸ್ತಾಪುರ ಬಂಗ್ಲಾದಲ್ಲಿ ಬಸ್ಸು ಹೆದ್ದಾರಿ ಬಿಟ್ಟು ಊರಿನ ಕಡೆ ಹೊರಳಿತು. ಇಳಿದು ನಡೆಯುವಾಗ ವೈಜನಾಥ ಎರಡು ಸಲ ನಿಂತು ಫೋನು ನೋಡಿದ, ಬರಬೇಡಿ ಎಂದು ಯಾರಾದರೂ ಬರೆದಿರಬಹುದೇನೋ ಎಂಬಂತೆ. ಅಂಗಡಿಯಲ್ಲಿ ಆವತ್ತಿನಷ್ಟು ಜನರಿರಲಿಲ್ಲ. ಸರ್ವರಿ ಬೇಗಂ ದೊಡ್ಡ ಮೇಜಿನ ಮೇಲೆ ಅರಿವೆ ಹಾಸಿ ಸೀಮೆಸುಣ್ಣದ ಗೀಟು ಎಳೆಯುತ್ತಿದ್ದಳು. ಹಿಂದಿನ ಗೋಡೆಗೆ, ಮಿಷನ್ನುಗಳ ಸಾಲು ಮುಗಿಯುವಲ್ಲಿ, ಕಿಟಕಿಯ ಬೆಳಕಿಗೆ ಮುಖ ಮಾಡಿ ಮಹಜಬೀನ್ ಕೂತಿದ್ದಳು. ಮಡಿಲಲ್ಲಿ ಕುಪ್ಪಸಗಳ ರಾಶಿ, ತುಟಿಯಲ್ಲಿ ದಾರ. ತಲೆಯೆತ್ತಿ ‘ಸಲಾಂ ಸರ್’ ಎಂದು ಮತ್ತೆ ಬಗ್ಗಿದಳು. ಬೈದಿದ್ದರೆ, ಮುಖ ತಿರುಗಿಸಿದ್ದರೆ ಅವನಿಗೆ ಹಿಡಿಯಲು ಒಂದು ಹಿಡಿಕೆ ಸಿಗುತ್ತಿತ್ತು. ಕಂಪ್ಯೂಟರಿನ ಕುರ್ಚಿಯಲ್ಲಿ ಫಿರೋಜ್ ಕೂತಿದ್ದ.

‘ಏನೂ ಮಾಡಿಲ್ರಿ ಸರ್ ನಾ. ತಾನೇ ಲಾಕ್ ಆಗ್ಯಾದ’ ಎಂದ ಫಿರೋಜ್, ಕುರ್ಚಿ ಬಿಡುತ್ತ.

ವೈಜನಾಥ ಕೂತು ನೋಡಿದ. ಡೇಟಾಬೇಸ್ ತೆರೆದು ನೋಡುವ ಒಂದು ಪುಕ್ಕಟೆ ಪ್ರೋಗ್ರಾಮನ್ನು ಫಿರೋಜ್ ಎಲ್ಲಿಂದಲೋ ಇಳಿಸಿಕೊಂಡಿದ್ದ. ಅದರಲ್ಲಿ ಫೈಲು ತೆರೆದು, ಒಂದು ಹೆಸರು ತಿದ್ದಿ, ಉಳಿಸದೆ ಹಾಗೇ ಬಿಟ್ಟಿದ್ದ. ಒಂದು ಕೈ ಬರೆಯಲು ಹಿಡಿದು ಬಿಡದೇ ಇದ್ದರೆ ಇನ್ನೊಂದು ಕೈಗೆ ಸಿಗುವುದಿಲ್ಲ, ಅಷ್ಟೇ. ಇದನ್ನು ವಿವರಿಸುವಷ್ಟು ಮರ್ಯಾದೆಯನ್ನೂ ವೈಜನಾಥ ಅವನಿಗೆ ಕೊಡಲಿಲ್ಲ. ಪರದೆಯ ಮೇಲಿನ ಆ ಕಿಟಕಿ ಮುಚ್ಚಿದ, ತನ್ನ ಪ್ರೋಗ್ರಾಮು ತೆರೆದ, ಅಳತೆಗಳು ಬಂದವು. ಎರಡು ನಿಮಿಷ. ‘ಗೊತ್ತಿಲ್ಲದ್ದನ್ನ ಮುಟ್ಟಬಾರ್ದಪಾ’ ಎಂದ. ಎಂದ ಮೇಲೆ ಕಿವಿ ಬಿಸಿಯಾಯಿತು. ಹಿಂದೆ ಹುಕ್ಕು ಹಚ್ಚುತ್ತಿದ್ದವಳು ತಲೆಯೆತ್ತಿದಳೋ ಏನೋ, ಅವನು ತಿರುಗಿ ನೋಡಲಿಲ್ಲ. ಈ ಸಲ ಫೋಲ್ಡರನ್ನೂ ತೆಗೆಯಲಿಲ್ಲ. ಚೀಲ ಹೆಗಲಿಗೇರಿಸಿ, ‘ಆಯ್ತ್ರಿ, ನಾಲ್ಕರ ಬಸ್ಸಿಗೆ ಹೋಗ್ತೀನಿ’ ಎಂದ.

‘ಕುಂದ್ರಿ ಸರ್’ ಎಂದಳು ಸರ್ವರಿ. ಕತ್ತರಿ ಕೆಳಗಿಟ್ಟಳು. ‘ನಿಮ್ಗ ಬ್ಯಾರೇ ಕೆಲಸಕ್ಕೂ ಕರ್ಸೀನಿ.’

ಆಕೆ ಹೇಳಿದ್ದು ಇಷ್ಟು: ಮಹಜಬೀನಳ ಅತ್ತಿಗೆ ಹುಮನಾಬಾದಿನಲ್ಲಿ ಹೊಸದಾಗಿ ಟೇಲರಿಂಗ್ ಅಂಗಡಿ ಹಾಕಿದ್ದಾಳೆ. ಫಿರೋಜ್ ಹೇಳುವುದು, ಇವಳು ನಾಲ್ಕು ತಿಂಗಳ ಅಳತೆಗಳನ್ನು ಅತ್ತಿಗೆಗೆ ಸಾಗಿಸಿ ಇಲ್ಲಿ ಅಳಿಸಿದ್ದಾಳೆ, ಗಿರಾಕಿಗಳು ಅಲ್ಲಿಗೆ ಹೋಗಲೆಂದು. ಮೊದಲು ಆಕೆ ನಂಬಿರಲಿಲ್ಲ. ಹುಲಸೂರಿನವರು ಬಂದು ಬೀದಿಯಲ್ಲಿ ಮರ್ಯಾದೆ ಕಳೆದ ಮೇಲೆ ಮನಸ್ಸು ಹುಳಿಯಾಗಿದೆ. ಮಹಜಬೀನಳ ತಂದೆ ಯುನೂಸ್ ಭಾಯಿ ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಬರುತ್ತಾರೆ. ಅವರೆದುರಿಗೆ ಓದಿದವರು ಒಬ್ಬರು ಹೇಳಬೇಕು. ‘ಕಂಪ್ಯೂಟರ್‌ಗೆ ಎಲ್ಲಾ ಗೊತ್ತಿರ್ತದಲ್ರಿ, ಯಾರು ಅಳ್ಸ್ಯಾರಂತ. ನೀವು ನೋಡಿ ಖುದ್ದು ಹೇಳಿಬಿಡ್ರಿ. ಇಕಿ ಮಾಡಿದ್ರ ಇವತ್ತೇ ಹೋಗ್ಲಿ. ಮಾಡಿಲ್ಲಂದ್ರ…’ ಆಕೆ ವಾಕ್ಯ ಮುಗಿಸಲಿಲ್ಲ. ಮಾಡಿಲ್ಲವಾದರೆ ಏನು ಎಂದು ಆಕೆ ಯೋಚಿಸಿದಂತೆಯೂ ಕಾಣಲಿಲ್ಲ. ಇದನ್ನೆಲ್ಲ ಆಕೆ ದನಿ ತಗ್ಗಿಸದೆ ಹೇಳಿದಳು. ಹನ್ನೆರಡು ಮೊಳದಾಚೆ ಕೂತವಳು ಸೂಜಿ ನಿಲ್ಲಿಸಲಿಲ್ಲ.

ವೈಜನಾಥನ ತಲೆ ಒಮ್ಮೆಲೇ ಚುರುಕಾಯಿತು, ಪರೀಕ್ಷೆಯ ಹಾಲಿನಲ್ಲಿ ಆಗುವಂತೆ. ‘ಕಂಪ್ಯೂಟರ್‌ನ್ಯಾಗ ಅದು ಗೊತ್ತಾಗಂಗಿಲ್ರಿ’ ಎಂದರೆ ಮುಗಿಯಿತು. ಅದು ಸುಳ್ಳೂ ಅಲ್ಲ. ಆ ಸಣ್ಣ ಡೇಟಾಬೇಸು ಯಾರ ಹೆಸರನ್ನೂ ಇಟ್ಟುಕೊಳ್ಳುವುದಿಲ್ಲ. ಈ ಉತ್ತರದಿಂದ ಹುಡುಗಿಯ ಮೇಲೆ ಹೊಸ ಅಪವಾದ ಬರುವುದಿಲ್ಲ, ಹಳೆಯದು ಅಲ್ಲೇ ಇರುತ್ತದೆ, ತಾನೇನೂ ಹಾಕಿದಂತಾಗುವುದಿಲ್ಲ. ಎಷ್ಟು ಚೊಕ್ಕವಾಗಿದೆ ಎಂದು ತನ್ನ ಬಗ್ಗೆ ಒಂದು ಗಳಿಗೆ ಮೆಚ್ಚುಗೆ ಮೂಡಿತು. ಅಂಗಡಿಯ ಕನ್ನಡಿಯಲ್ಲಿ, ಹೆಂಗಸರು ಬಟ್ಟೆ ಹಿಡಿದು ನೋಡಿಕೊಳ್ಳುವ ಆಳೆತ್ತರದ ಕನ್ನಡಿಯಲ್ಲಿ, ಚೀಲ ಹೆಗಲಿಗೆ ಹಾಕಿಕೊಂಡ ನಲವತ್ತೊಂದರ ಗಂಡಸು ಕಂಡ. ಬಾಯಿ ಸ್ವಲ್ಪ ತೆರೆದಿತ್ತು. ಯಾರೋ ಬಸ್ಸು ತಪ್ಪಿಸಿಕೊಂಡವನ ಹಾಗೆ.

ಯುನೂಸ್ ಭಾಯಿ ಬಂದರು. ಆಟೋ ಹೊರಗೆ ನಿಲ್ಲಿಸಿ, ಚಪ್ಪಲಿ ಹೊರಗೆ ಬಿಟ್ಟು, ಗಿರಾಕಿಗಳ ಸ್ಟೂಲಿನ ತುದಿಯಲ್ಲಿ ಕೂತರು. ಖಾಕಿ ಅಂಗಿಯ ಮೇಲಿನ ಗುಂಡಿಯನ್ನೂ ಹಾಕಿಕೊಂಡಿದ್ದರು. ಮಗಳನ್ನು ಒಮ್ಮೆ ನೋಡಿದರು. ಅವಳು ನೋಡಲಿಲ್ಲ. ಮಿಷನ್ನುಗಳು ಒಂದೊಂದಾಗಿ ನಿಂತವು.

‘ಹೇಳ್ರಿ ಸರ್’ ಎಂದಳು ಸರ್ವರಿ.

ವೈಜನಾಥ ಹೇಳಿದ. ಹೇಳಬಾರದೆಂದುಕೊಂಡವನು ಹೇಳತೊಡಗಿದ್ದಕ್ಕೆ ಅವನಿಗೇ ಸೋಜಿಗ. ಆದರೆ ನಾಲಿಗೆ ತನ್ನ ಹಳೆಯ ಚಾಳಿ ಬಿಡಲಿಲ್ಲ. ‘ನೋಡ್ರಿ, ಇದು ವಾಲ್ ಮೋಡ್‌ನ್ಯಾಗ ಇತ್ತು. ಚೆಕ್‌ಪಾಯಿಂಟ್ ಆಗಿರಲಿಲ್ಲ. ನಾಲ್ಕು ತಿಂಗಳ ಟ್ರಾನ್ಸಾಕ್ಷನ್ಸ್ ಎಲ್ಲಾ ಸೆಪರೇಟ್ ಫೈಲ್‌ನ್ಯಾಗ ಪೆಂಡಿಂಗ್ ಇದ್ವು. ಆ ಫೈಲ್ ರಿಮೂವ್ ಆದ ಕಾರಣ ಮೇನ್ ಫೈಲ್ ಹಳೀ ಸ್ಟೇಟ್‌ಗೆ ಹೋಗ್ಯಾದ.’ ಒಂದು ಶಬ್ದವೂ ಸುಳ್ಳಿರಲಿಲ್ಲ. ಹೇಳಿ ಮುಗಿಸಿದಾಗ ಎದೆಯೊಳಗೆ ಏನೋ ಹಗುರಾಯಿತು ಕೂಡ. ತಾನು ಒಪ್ಪಿಕೊಂಡೆ, ಇವರಿಗೆ ತಿಳಿಯದಿದ್ದರೆ ಅದು ಇವರ ಅಜ್ಞಾನ. ಯುನೂಸ್ ಭಾಯಿ ಗೌರವದಿಂದ ತಲೆಯಾಡಿಸಿದರು. ಆ ತಲೆಯಾಡಿಸುವಿಕೆಯನ್ನು ಅವನು ಎಷ್ಟೋ ತರಗತಿಗಳಲ್ಲಿ ನೋಡಿದ್ದ, ಬೆಂಚುಗಳ ಮೇಲೆ, ಸಾಲುಸಾಲಾಗಿ.

‘ಅಂದ್ರ ಯಾರೋ ರಿಮೂವ್ ಮಾಡ್ಯಾರ’ ಎಂದ ಫಿರೋಜ್.

‘ಆಗ್ಯಾದ’ ಎಂದ ವೈಜನಾಥ.

‘ತಾನಾಗೇ ಆಗ್ತದೇನ್ರಿ?’

ಅವನು ನೀರು ಕೇಳಿದ. ಯಾರೋ ತಂದುಕೊಟ್ಟರು. ಕುಡಿಯುವಷ್ಟು ಹೊತ್ತು ಎಲ್ಲರೂ ಅವನ ಗಂಟಲನ್ನು ನೋಡಿದರು.

‘ಸರ್’ ಎಂದಳು ಹಿಂದಿನಿಂದ ಮಹಜಬೀನ್. ತುಟಿಯ ದಾರ ತೆಗೆದಿದ್ದಳು. ‘ಸೆಪರೇಟ್ ಫೈಲ್ ಅಂದ್ರ ಬಾಜೂದ ಫೈಲಲ್ರಿ? ಹೆಸರಿಗಿ ಬಾಲ ಇತ್ತಲ್ಲ, ಅದು?’

‘ಹೌದು.’

‘ಅದು ನೀವು ತೆಗದ್ರಿ. ಕಸ ಅಂದ್ರಿ.’

ಅವಳ ದನಿಯಲ್ಲಿ ಆಪಾದನೆಯಿರಲಿಲ್ಲ. ಅಳತೆ ಓದುವವರ ದನಿ ಅದು: ಸೊಂಟ ಇಪ್ಪತ್ತೆಂಟು, ತೋಳು ಹತ್ತೂವರೆ. ವೈಜನಾಥನಿಗೆ ಆ ಕ್ಷಣದಲ್ಲಿ ಎಲ್ಲಕ್ಕಿಂತ ಮೊದಲು ಅನ್ನಿಸಿದ್ದು ನಾಚಿಕೆಯಲ್ಲ, ಕಿರಿಕಿರಿ. ಈ ಹುಡುಗಿ ಅಷ್ಟು ಗಮನವಿಟ್ಟು ನೋಡಿದ್ದಳಲ್ಲ ಎಂದು. ಅವನು ಅಳಿಸುವುದನ್ನು ಆ ದಿನ ಹತ್ತು ಜನ ನೋಡಿದ್ದರು, ಏನನ್ನು ಅಳಿಸಿದನೆಂದು ನೋಡಿದವಳು ಅವಳೊಬ್ಬಳೇ. ಸರ್ವರಿ ಬೇಗಂ ಅವನ ಕಡೆ ತಿರುಗಿದಳು. ‘ಇಕಿ ಅದೇ ದಿನ ಹೇಳಿದ್ಳು ನನಗ’ ಎಂದಳು ನಿಧಾನಕ್ಕೆ. ‘ಸರ್ ಏನೋ ತೆಗದಾರ ಖಾಲಾ, ಫೋನ್ ಮಾಡಿ ಕೇಳ್ರಿ ಅಂದ್ಳು. ನಾನೇ ಬೈದೆ. ಎಂಸಿಎ ಓದಿದವ್ರು ತಪ್ಪು ಮಾಡ್ತಾರೇನ ಅಂತ.’

‘ನಾನೇ ಅಳಿಸೀನ್ರಿ’ ಎಂದ ವೈಜನಾಥ. ಈ ಸಲ ಮಾತು ಕನ್ನಡದಲ್ಲೇ ಬಂತು, ಎರಡೇ ಶಬ್ದ. ನಿಲ್ಲಿಸಬಹುದಿತ್ತು, ಆದರೆ ನಿಲ್ಲಿಸಿದರೆ ಅದೂ ಒಂದು ಜಾಣತನವಾದೀತೆನಿಸಿ ಮುಂದುವರಿಸಿದ. ‘ಅದು ಕಸ ಅಲ್ಲ, ನಿಮ್ಮ ಅಳತಿ ಅದರೊಳಗೇ ಇದ್ವು. ಅದೇ ಸಂಜೀ ಗೊತ್ತಾಗ್ಯಾದ ನನಗ. ಅವತ್ತೇ ಬಂದಿದ್ರ ವಾಪಸ್ ಸಿಗ್ತಿದ್ವೋ ಏನೋ. ಬರ್ಲಿಲ್ಲ. ಇಕಿ ಏನೂ ಮಾಡಿಲ್ಲ.’

ಹೊರಗೆ ಯಾವುದೋ ಗಾಡಿಯವನು ಪೇರಲಹಣ್ಣು ಕೂಗುತ್ತ ಹೋದ. ವೈಜನಾಥ ಕಾದ. ಬೈಗುಳಕ್ಕೆ, ಹುಲಸೂರಿನವರು ಕೂಗಾಡಿದಂಥ ಒಂದು ಕೂಗಾಟಕ್ಕೆ, ಇನ್ನು ಮುಂದೆ ಈ ಮೆಟ್ಟಿಲು ಹತ್ತಬೇಡಿ ಎಂಬ ಮಾತಿಗೆ. ಅದಕ್ಕೆ ಮೈಯನ್ನು ಬಿಗಿ ಮಾಡಿಕೊಂಡೂ ಆಗಿತ್ತು.

‘ಹೋಗ್ಲಿ ಬಿಡ್ರಿ ಸರ್’ ಎಂದಳು ಸರ್ವರಿ ಬೇಗಂ. ‘ಇನ್ಸಾನ್ ಅಂದ ಮ್ಯಾಲ ಗಲತಿ ಆಗ್ತದ. ನೀವೇನ್ ಬೇಕಂತ ಮಾಡೀರೇನು? ಫಿರೋಜ್, ಸರ್‌ಗೆ ಚಾ ಹೇಳು. ಖಡಕ್ ಹೇಳು.’

ಅಷ್ಟೇ. ಚಹಾ ಬರುವಷ್ಟು ಹೊತ್ತೂ ಹಿಡಿಯಲಿಲ್ಲ. ಫಿರೋಜ್ ಕೂಡ, ‘ನಮ್ಮ ದೋಸ್ತನ ಆಫೀಸ್‌ನ್ಯಾಗೂ ಹಿಂಗೇ ಆಗಿತ್ರಿ’ ಎಂದು ನಕ್ಕು, ಅವನ ಕಡೆ ಕುರ್ಚಿ ಸರಿಸಿದ. ವೈಜನಾಥ ಕುರ್ಚಿಯನ್ನು ನೋಡಿದ. ಮೂರು ವಾರ ಊಟ ಕಹಿ ಮಾಡಿಕೊಂಡು ಹೊತ್ತದ್ದನ್ನು ಇವರು ಮೇಜಿನ ಮೇಲಿನ ಚಿಂದಿ ಗುಡಿಸುವಂತೆ ಗುಡಿಸಿಬಿಟ್ಟರು. ಇವರನ್ನು ಕೀಳಾಗಿ ನೋಡಲು ಇಂಥ ಒಳ್ಳೆಯ ಅವಕಾಶ ಅವನಿಗೆ ಹಿಂದೆಂದೂ ಸಿಕ್ಕಿರಲಿಲ್ಲ. ನೋಡಲು ಹೋದರೆ ಆಗಲಿಲ್ಲ. ಅವನೂ ಆ ಕುರ್ಚಿಯ ಕಡೆ ಒಂದು ಹೆಜ್ಜೆ ಹಾಕಿದ್ದ.

‘ಬಾ ಬೇಟಿ, ಇತ್ಲಾಗ ಬಾ’ ಎಂದಳು ಸರ್ವರಿ ಮಹಜಬೀನಳಿಗೆ. ‘ನಾಳಿಂದ ನಿನ್ನ ಜಾಗಾದಾಗ ಕುಂದ್ರು. ಆದದ್ದು ಆಯ್ತು.’

ಮಹಜಬೀನ್ ಕೈಲಿದ್ದ ಕುಪ್ಪಸದ ಕೊನೆಯ ಹುಕ್ಕು ಹಚ್ಚಿದಳು. ಗಂಟು ಹಾಕಿ, ದಾರ ಕಡಿದು, ಹುಕ್ಕುಗಳನ್ನು ಒಂದೊಂದಾಗಿ ಸಿಕ್ಕಿಸಿ ಬಿಡಿಸಿ ನೋಡಿದಳು. ಮಡಿಸಿ ರಾಶಿಯ ಮೇಲಿಟ್ಟಳು. ಆಮೇಲೆ ಎದ್ದು, ಗೂಟಕ್ಕೆ ಸಿಗಿಸಿದ್ದ ಬುರ್ಖಾ ತೆಗೆದು ಹಾಕಿಕೊಂಡು, ಕಪಾಟಿನಿಂದ ಒಂದು ಸಣ್ಣ ಕತ್ತರಿ, ಒಂದು ಟೇಪು ಚೀಲಕ್ಕೆ ಹಾಕಿದಳು.

‘ಇವೆರಡು ನನ್ನವು ಖಾಲಾ. ನಾ ತಂದಿದ್ದೆ.’

‘ಎಲ್ಲಿಗಿ ಹೊಂಟಿ?’

‘ಮನಿಗಿ.’

‘ಹೋಗು, ಇವತ್ತು ಆರಾಮ ಮಾಡು. ನಾಳಿ ಜಲ್ದಿ ಬಾ.’

‘ನಾಳಿ ಬರಂಗಿಲ್ಲ.’

‘ಸಿಟ್ಟಿಲೆ ಹೇಳಾಕತ್ತೀ’ ಎಂದಳು ಸರ್ವರಿ.

‘ಇಲ್ಲ ಖಾಲಾ’ ಎಂದಳು ಅವಳು, ಮತ್ತು ಸಿಟ್ಟಿರಲಿಲ್ಲ ಎಂಬುದು ಎಲ್ಲರಿಗೂ ಕಾಣುತ್ತಿತ್ತು. ‘ನಾ ಹೇಳಿದಾಗ ನೀವು ನಂಬಲಿಲ್ಲ. ಸರ್ ಹೇಳಿದ್ರು, ನಂಬಿದ್ರಿ. ನಾಳಿ ಮತ್ತ ಏನರ ಆಗ್ತದ, ಮತ್ತ ಸರ್‌ನ ಕರಸ್ಬೇಕಾಗ್ತದ ನಾ ಕಳ್ಳಿ ಅಲ್ಲಂತ ಹೇಳಾಕ.’

ಯುನೂಸ್ ಭಾಯಿ ಎದ್ದು ನಿಂತರು. ‘ಆಪಾ, ನೀವು ಕರ್ಸಿದ್ರಿ, ಬಂದೀನಿ. ನನಗ ಹೇಳಾದು ಏನರ ಉಳದದೇನ್ರಿ?’

‘ಏನಿಲ್ಲ ಭಾಯಿ’ ಎಂದಳು ಸರ್ವರಿ. ಸೀಮೆಸುಣ್ಣ ಕೈಗೆತ್ತಿಕೊಂಡು ಕೆಳಗಿಟ್ಟಳು. ಅಷ್ಟು ಹೊತ್ತಿಗೆ ಚಹಾ ಬಂತು. ಒಂದೇ ಕಪ್ಪು ತಂದಿದ್ದರು. ವೈಜನಾಥ ಅದನ್ನು ಮುಟ್ಟದೆ ಹೊರಬಂದ. ಮೆಟ್ಟಿಲಲ್ಲಿ ನಿಂತು, ಮುಟ್ಟದೆ ಬಂದದ್ದು ಕೂಡ ಒಂದು ತೋರಿಕೆಯಾಯಿತಲ್ಲ ಎಂದುಕೊಂಡ.

ನಡೆದುಹೋಗುವ ಮನಸ್ಸಿತ್ತು. ಯುನೂಸ್ ಭಾಯಿ ಬಿಡಲಿಲ್ಲ. ‘ಬಸ್‌ಸ್ಟ್ಯಾಂಡ್ ಕಡೇಯೇ ಹೊಂಟೀವ್ರಿ. ಕುಂದ್ರಿ ಸರ್, ಬಿಸಲದ.’ ಹಿಂದಿನ ಸೀಟಿನಲ್ಲಿ ಮಹಜಬೀನ್ ಚೀಲ ಮಡಿಲಲ್ಲಿಟ್ಟು ಕೂತಿದ್ದಳು. ಅವಳ ಪಕ್ಕ ಕೂರುವ ಹಾಗಿರಲಿಲ್ಲ. ಮುಂದೆ, ಡ್ರೈವರಿನ ಸೀಟಿನ ತುದಿಗೆ, ಅರ್ಧ ಮೈ ಹೊರಗೆ ಚಾಚಿ, ಯುನೂಸ್ ಭಾಯಿಯ ಬೆನ್ನ ಹಿಂದಿನ ಕಂಬಿ ಹಿಡಿದು ಕೂತ. ತರಗತಿಯಲ್ಲಿ ಯಾರಾದರೂ ತನ್ನನ್ನು ಹೀಗೆ ನೋಡಿದರೆ ಎಂಬ ಯೋಚನೆ ಬಂದು, ಇಂಥ ಹೊತ್ತಿನಲ್ಲೂ ಅದೇ ಬಂದಿತಲ್ಲ ಎಂದು ಅಸಹ್ಯವಾಯಿತು. ಆಟೋ ಗುಂಡಿಗಳಲ್ಲಿ ಎದ್ದು ಬಿದ್ದು ಸಾಗಿತು. ಯುನೂಸ್ ಭಾಯಿ ರಸ್ತೆಯ ಬಗ್ಗೆ ಮಾತಾಡಿದರು, ಅವನ ಮಕ್ಕಳೆಷ್ಟು ಎಂದು ಕೇಳಿದರು, ತಮ್ಮ ಮಗ ಹುಮನಾಬಾದಿನಲ್ಲಿ ಗ್ಯಾರೇಜಿನಲ್ಲಿರುವುದನ್ನು ಹೇಳಿದರು. ಅಂಗಡಿಯ ಸುದ್ದಿ ಎತ್ತಲೇ ಇಲ್ಲ. ಅಷ್ಟು ಸಭ್ಯತೆಯನ್ನು ಅವನಿಗೆ ಯಾರೂ ಎಂದೂ ತೋರಿಸಿರಲಿಲ್ಲ, ಮತ್ತು ಅದನ್ನು ತಾಳಿಕೊಳ್ಳುವುದು ಹೇಗೆಂದು ಅವನು ಕಲಿತಿರಲಿಲ್ಲ.

ಕೊನೆಗೆ ಹಿಂತಿರುಗದೆಯೇ, ಕನ್ನಡಿಯಲ್ಲಿ ಕಾಣುವ ಕಪ್ಪು ಬಟ್ಟೆಯ ಅಂಚಿಗೆ ಹೇಳಿದ: ‘ನಿಮ್ಗ ಭಾಳ ತ್ರಾಸ ಆಯ್ತು ನನ್ನಿಂದ. ಮಾಫ್ ಮಾಡ್ರಿ.’ ಆರು ವರ್ಷದಲ್ಲಿ ಅವಳಿಗೆ ಬಹುವಚನ ಹಚ್ಚಿದ್ದು ಅದೇ ಮೊದಲು. ಅದು ಅವಳ ಕಿವಿಗೆ ಬಿತ್ತೋ ಇಲ್ಲವೋ ತಿಳಿಯಲಿಲ್ಲ. ಎದುರಿಗೆ ಲಾರಿಯೊಂದು ಹಿಂದೆ ಸರಿಯುತ್ತಿತ್ತು, ಯುನೂಸ್ ಭಾಯಿ ಬ್ರೇಕು ಹಾಕಿದರು.

‘ಸರ್’ ಎಂದಳು ಮಹಜಬೀನ್, ಆಟೋ ಮತ್ತೆ ಹೊರಟ ಮೇಲೆ. ‘ಮನಿಗಿ ಅಲ್ರಿ, ಸೀದಾ ಹುಮನಾಬಾದಕ್ಕ ನಮ್ಮ ಅತ್ತಿಗಿ ಅಂಗಡಿಗಿ ಹೋಗ್ತೀನಿ ಈಗ. ಅಲ್ಲೂ ಒಂದು ಕಂಪ್ಯೂಟರ್ ಹಚ್ಚಬೇಕಂತ ಅನ್ಕೊಂಡೀವಿ. ಅಳತಿ ಇಡಾಕ. ನಿಮ್ಗ ಯಾರರ ಛಲೋ ಬರೋರು ಗೊತ್ತದಾರೇನ್ರಿ?’

ಅವನು ಕುಟುಕನ್ನು ಹುಡುಕಿದ. ಸಿಗಲಿಲ್ಲ. ನಿಜವಾಗಿಯೇ ಕೇಳುತ್ತಿದ್ದಳು, ಒಳ್ಳೆಯ ಹಲ್ಲಿನ ಡಾಕ್ಟರು ಯಾರಿದ್ದಾರೆಂದು ಯಾರನ್ನಾದರೂ ಕೇಳುವ ಹಾಗೆ. ನಾಲಿಗೆಯ ತುದಿಗೆ ಬಂದದ್ದು ಒಂದೇ ಹೆಸರು, ಅದು ಅವನದೇ. ಅದರಾಚೆ ಯಾರೂ ನೆನಪಾಗಲಿಲ್ಲ. ಈ ಎರಡು ಊರುಗಳಲ್ಲಿ ತನಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆಂದು ತಿಳಿದುಕೊಳ್ಳುವ ಗೋಜಿಗೆ ಅವನು ಎಂದೂ ಹೋಗಿರಲಿಲ್ಲ.

‘ನೋಡಿ ಹೇಳ್ತೀನ್ರಿ’ ಎಂದ.

‘ಜಲ್ದಿ ಏನಿಲ್ರಿ’ ಎಂದಳು. ‘ಭಾಳ ಓದಿದವ್ರು ಇಲ್ಲಾಂದ್ರೂ ನಡೀತದ. ಹೇಳಿದ್ದು ಕೇಳಿಸ್ಕೋಬೇಕು, ಅಷ್ಟೇ.’

ಬಸ್ ನಿಲ್ದಾಣದ ಬಾಯಿಯಲ್ಲಿ ಯುನೂಸ್ ಭಾಯಿ ಆಟೋ ನಿಲ್ಲಿಸಿ, ಅವನು ಇಳಿಯಲೆಂದು ತಾವೇ ಸ್ವಲ್ಪ ಸರಿದರು. ಮಗಳೂ ಇಳಿದು, ತಂದೆಗೆ ಏನೋ ಹೇಳಿ, ಹುಮನಾಬಾದಿನ ಬಸ್ಸು ನಿಂತ ಕಡೆ ನಡೆದಳು. ಅದೇ ಅವನ ಬಸ್ಸು ಕೂಡ. ಅವಳು ಹತ್ತಿದ್ದನ್ನು, ಕಿಟಕಿಯ ಪಕ್ಕ ಕೂತದ್ದನ್ನು ನೋಡಿದ. ಮುಂದಿನ ಬಸ್ಸಿಗೆ ಹೋಗೋಣವೆಂದುಕೊಂಡು ಅಲ್ಲೇ ನಿಂತ. ಅವಳ ಬಸ್ಸು ಹಿಂದೆ ಸರಿದು, ತಿರುಗಿ, ಹೊರಬಾಗಿಲಿಗೆ ಬಂದು ಅವನ ಬೆನ್ನ ಹಿಂದೆ ಹಾರ್ನ್ ಹೊಡೆಯಿತು. ಮತ್ತೆ ಹೊಡೆಯಿತು. ತಾನು ದಾರಿಯ ನಡುವೆ ನಿಂತಿದ್ದೇನೆಂದು ವೈಜನಾಥನಿಗೆ ತಿಳಿದದ್ದು ಡ್ರೈವರು ಕಿಟಕಿಯಿಂದ ತಲೆ ಹೊರಹಾಕಿ, ‘ಏ ಮಾಸ್ತರ, ಕಿವಿ ಕೇಳಂಗಿಲ್ಲೇನು?’ ಎಂದ ಮೇಲೆ.